ಸ್ಪೇನ್‌ನಲ್ಲಿ ನೆಲೆಸಿರುವ ಬ್ರಿಟಿಷರು

ಸ್ಪೇನ್‌ನಲ್ಲಿ ನೆಲೆಸಿರುವ ಬ್ರಿಟಿಷರು ಎಂದರೆ ಯುನೈಟೆಡ್ ಕಿಂಗ್‌ಡಮ್‌ನಿಂದ ಹೋಗಿ ಸ್ಪೇನ್ ದೇಶದಲ್ಲಿ ಶಾಶ್ವತವಾಗಿ ಅಥವಾ ವರ್ಷದ ಬಹುಭಾಗ ವಾಸಿಸುತ್ತಿರುವ ಜನಸಮುದಾಯ. ಯುರೋಪ್ ಖಂಡದಲ್ಲಿ ಬ್ರಿಟಿಷ್ ಪ್ರಜೆಗಳು ಅತಿ ಹೆಚ್ಚು ಸಂಖ್ಯೆಯಲ್ಲಿ ನೆಲೆಸಿರುವ ದೇಶಗಳಲ್ಲಿ ಸ್ಪೇನ್ ಪ್ರಮುಖವಾದುದು. ಇವರಲ್ಲಿ ಹೆಚ್ಚಿನವರು ಮೆಡಿಟರೇನಿಯನ್ ಕರಾವಳಿಯ ಅಲಿಕಾಂತೆ ಮತ್ತು ಮಾಲಗ ಪ್ರಾಂತ್ಯಗಳಲ್ಲಿ ವಾಸಿಸುತ್ತಾರೆ. ಈ ಎರಡು ಪ್ರಾಂತ್ಯಗಳ ಕರಾವಳಿಗಳನ್ನು ಕ್ರಮವಾಗಿ ಕೋಸ್ಟಾ ಬ್ಲಾಂಕಾ ಮತ್ತು ಕೋಸ್ಟಾ ಡೆಲ್ ಸೋಲ್ ಎಂದು ಕರೆಯಲಾಗುತ್ತದೆ.

ಉದ್ಯೋಗ, ಬಡತನ ಅಥವಾ ಯುದ್ಧದ ಕಾರಣದಿಂದ ನಡೆಯುವ ವಲಸೆಗಿಂತ ಇದು ಭಿನ್ನವಾದುದು. ಸಂಪನ್ನ ದೇಶವೊಂದರ ಜನರು ಉತ್ತಮ ಹವಾಮಾನ, ಕಡಿಮೆ ಖರ್ಚು ಮತ್ತು ನಿಧಾನಗತಿಯ ಬದುಕನ್ನು ಬಯಸಿ ಸ್ವಇಚ್ಛೆಯಿಂದ ಕೈಗೊಂಡ ವಲಸೆ ಇದಾಗಿದ್ದು, ಸಮಾಜಶಾಸ್ತ್ರಜ್ಞರು ಇದನ್ನು 'ಜೀವನಶೈಲಿ ವಲಸೆ' ಎಂದು ಹೆಸರಿಸಿದ್ದಾರೆ. ಅರವತ್ತರ ವಯಸ್ಸಿನಲ್ಲಿ ಆರೋಗ್ಯವಂತರಾಗಿದ್ದಾಗ ಮಾಡಿದ ಈ ಆಯ್ಕೆಯು ಎಂಬತ್ತರ ವಯಸ್ಸಿನಲ್ಲಿ ಅನಾರೋಗ್ಯ, ಒಂಟಿತನ ಮತ್ತು ಬದಲಾದ ಕಾನೂನುಗಳ ನಡುವೆ ಹೇಗೆ ಉಳಿಯುತ್ತದೆ ಎಂಬುದು ಈ ವಿಷಯದ ಅಧ್ಯಯನಗಳ ಮುಖ್ಯ ಪ್ರಶ್ನೆಗಳಲ್ಲಿ ಒಂದು.

ಜನಸಂಖ್ಯೆ ಮತ್ತು ಹಂಚಿಕೆ

ಸ್ಪೇನ್‌ನಲ್ಲಿ ವಾಸಿಸುವ ಪ್ರತಿಯೊಬ್ಬರೂ ತಮ್ಮ ಊರಿನ ಪುರಸಭೆಯ ನಿವಾಸಿಗಳ ಪಟ್ಟಿಯಲ್ಲಿ ಹೆಸರು ನೋಂದಾಯಿಸಬೇಕು. ಈ ಪಟ್ಟಿಯನ್ನು 'ಪದ್ರೋನ್' ಎನ್ನುತ್ತಾರೆ. ಇದರ ಪ್ರಕಾರ 2012ರ ಸುಮಾರಿಗೆ ಬ್ರಿಟಿಷ್ ನಿವಾಸಿಗಳ ಸಂಖ್ಯೆ 4 ಲಕ್ಷದ ಸಮೀಪ ತಲುಪಿತ್ತು. ಮುಂದಿನ ಆರು ವರ್ಷಗಳಲ್ಲಿ ಅದು ಸುಮಾರು 2.4 ಲಕ್ಷಕ್ಕೆ ಇಳಿಯಿತು. ಆರ್ಥಿಕ ಬಿಕ್ಕಟ್ಟಿನಿಂದಾಗಿ ಅನೇಕರು ಮರಳಿದ್ದು ಇದಕ್ಕೆ ಒಂದು ಕಾರಣ. ಊರು ಬಿಟ್ಟವರ ಹೆಸರುಗಳನ್ನು ಪುರಸಭೆಗಳು ಪಟ್ಟಿಯಿಂದ ತೆಗೆದುಹಾಕಿದ್ದು ಇನ್ನೊಂದು ಕಾರಣ. 2020ರ ವೇಳೆಗೆ ಸಂಖ್ಯೆ ಮತ್ತೆ ಏರತೊಡಗಿತು. ಅದುವರೆಗೆ ನೋಂದಣಿ ಮಾಡಿಸದೆ ಇದ್ದವರು ಬ್ರೆಕ್ಸಿಟ್‌ನ ಗಡುವಿಗೆ ಮುನ್ನ ದಾಖಲೆ ಮಾಡಿಸಿಕೊಂಡದ್ದು ಈ ಏರಿಕೆಗೆ ಮುಖ್ಯ ಕಾರಣಗಳಲ್ಲಿ ಒಂದಾಗಿತ್ತು. ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಸ್ಪೇನ್‌ನಲ್ಲಿದ್ದು ಹೋಗುವವರು ಈ ಲೆಕ್ಕದಲ್ಲಿ ಸೇರುವುದಿಲ್ಲ.

ನೋಂದಾಯಿತರಲ್ಲಿ ಸುಮಾರು 40% ಜನರು 65 ವರ್ಷ ಮೀರಿದವರು. ಉಳಿದವರಲ್ಲಿ ಬಾರ್ ಮತ್ತು ಹೋಟೆಲ್ ನಡೆಸುವವರು, ಕಟ್ಟಡ ಕೆಲಸದವರು, ಮನೆ ಮಾರಾಟದ ದಲ್ಲಾಳಿಗಳು, ಇಂಗ್ಲಿಷ್ ಶಿಕ್ಷಕರು ಹಾಗೂ ಶಾಲೆಗೆ ಹೋಗುವ ಮಕ್ಕಳಿರುವ ಕುಟುಂಬಗಳು ಸೇರಿವೆ. ಆದ್ದರಿಂದ ಈ ಸಮುದಾಯವನ್ನು ನಿವೃತ್ತರ ಸಮುದಾಯವೆಂದಷ್ಟೇ ಪರಿಗಣಿಸುವುದು ಸರಿಯಲ್ಲ.

ಅಲಿಕಾಂತೆ ಪ್ರಾಂತ್ಯದಲ್ಲಿ ಟೊರೆವಿಯೆಹಾ, ಒರಿವೆಲಾದ ಕರಾವಳಿ ಭಾಗ, ಹಾವಿಯಾ ಮತ್ತು ಬೆನಿಡೊರ್ಮ್ ಪ್ರಮುಖ ನೆಲೆಗಳು. ಇದೇ ಪ್ರಾಂತ್ಯದ ಸಾನ್ ಫುಲ್ಹೆನ್ಸಿಯೊ ಎಂಬ ಸಣ್ಣ ಪುರಸಭೆಯಲ್ಲಿ ಸ್ಪೇನಿಗರಿಗಿಂತ ವಿದೇಶಿಯರೇ ಹೆಚ್ಚು. ಮಾಲಗ ಪ್ರಾಂತ್ಯದಲ್ಲಿ ಮಿಹಾಸ್, ಫುವೆಂಗಿರೋಲಾ, ಮಾರ್ಬೆಯಾ ಮತ್ತು ನೆರ್ಹಾ ಊರುಗಳಲ್ಲಿ ಬ್ರಿಟಿಷರು ಹೆಚ್ಚಾಗಿದ್ದಾರೆ. ಮಯೋರ್ಕಾ ಮತ್ತು ಟೆನೆರಿಫೆ ದ್ವೀಪಗಳಲ್ಲಿಯೂ, ಅಲ್ಮೆರಿಯಾ ಮತ್ತು ಮುರ್ಸಿಯಾದ ಒಳನಾಡಿನಲ್ಲಿಯೂ ಅವರ ನೆಲೆಗಳಿವೆ.

ಇತಿಹಾಸ

ಆರಂಭಿಕ ನೆಲೆಗಳು

ಹತ್ತೊಂಬತ್ತನೆಯ ಶತಮಾನದಲ್ಲಿ ದ್ರಾಕ್ಷಾರಸ, ಒಣದ್ರಾಕ್ಷಿ ಮತ್ತು ಗಣಿಗಾರಿಕೆಯ ವ್ಯಾಪಾರಕ್ಕಾಗಿ ಬ್ರಿಟಿಷರು ದಕ್ಷಿಣ ಸ್ಪೇನ್‌ಗೆ ಬರುತ್ತಿದ್ದರು. ಆ ಕಾಲದಲ್ಲಿ ಕ್ಯಾಥೊಲಿಕರಲ್ಲದವರಿಗೆ ಅಲ್ಲಿ ಸ್ಮಶಾನಭೂಮಿ ಇರಲಿಲ್ಲ. ಮೃತರನ್ನು ರಾತ್ರಿಯ ವೇಳೆ ಕಡಲತೀರದ ಮರಳಿನಲ್ಲಿ ಹೂಳಲಾಗುತ್ತಿತ್ತು. ಬ್ರಿಟಿಷ್ ಕಾನ್ಸಲ್ ವಿಲಿಯಂ ಮಾರ್ಕ್ ಅವರ ಪ್ರಯತ್ನದಿಂದ 1831ರಲ್ಲಿ ಮಾಲಗ ನಗರದಲ್ಲಿ ಇಂಗ್ಲಿಷ್ ಸ್ಮಶಾನ ಸ್ಥಾಪನೆಯಾಯಿತು. ಅದು ಇಂದಿಗೂ ಉಳಿದಿದೆ.

ಇಪ್ಪತ್ತನೆಯ ಶತಮಾನದ ಆರಂಭಿಕ ನಿವಾಸಿಗಳಲ್ಲಿ ಲೇಖಕ ಜೆರಾಲ್ಡ್ ಬ್ರೆನನ್ (1894–1987) ಪ್ರಸಿದ್ಧರು. ಮೊದಲ ಮಹಾಯುದ್ಧದ ನಂತರ ಅವರು ಗ್ರನಾಡಾ ಪ್ರಾಂತ್ಯದ ಯೆಹೆನ್ ಎಂಬ ಬೆಟ್ಟದ ಹಳ್ಳಿಯಲ್ಲಿ ಮನೆ ಮಾಡಿದರು. ಆ ಹಳ್ಳಿಯ ಜೀವನವನ್ನು ಕುರಿತ ಅವರ 'ಸೌತ್ ಫ್ರಮ್ ಗ್ರನಾಡಾ' ಕೃತಿ 1957ರಲ್ಲಿ ಪ್ರಕಟವಾಯಿತು.

ಪ್ರವಾಸದಿಂದ ವಾಸಕ್ಕೆ

ಸಾಮೂಹಿಕ ವಲಸೆಗೆ ದಾರಿ ಮಾಡಿಕೊಟ್ಟದ್ದು ಪ್ರವಾಸೋದ್ಯಮ. 1950ರ ದಶಕದಲ್ಲಿ ಬೆನಿಡೊರ್ಮ್ ಮೀನುಗಾರರ ಮತ್ತು ನಾವಿಕರ ಸಣ್ಣ ಊರಾಗಿತ್ತು. ಅಂದಿನ ಮೇಯರ್ ಪೇದ್ರೊ ಸರಗೋಸಾ ಅವರ ಅವಧಿಯಲ್ಲಿ 1956ರಲ್ಲಿ ನಗರ ಯೋಜನೆಯೊಂದು ಸಿದ್ಧವಾಗಿ, ಊರು ಬಹುಮಹಡಿ ಹೋಟೆಲುಗಳ ನಗರವಾಗಿ ಬೆಳೆಯಿತು. 1959ರಲ್ಲಿ ಫ್ರಾಂಕೊ ಸರ್ಕಾರವು ಆರ್ಥಿಕ ಸ್ಥಿರೀಕರಣ ಯೋಜನೆಯನ್ನು ಜಾರಿಗೊಳಿಸಿ ದೇಶವನ್ನು ವಿದೇಶಿ ಬಂಡವಾಳ ಮತ್ತು ಪ್ರವಾಸಿಗರಿಗೆ ತೆರೆಯಿತು. ವಿಮಾನ, ಹೋಟೆಲು ಮತ್ತು ಊಟ ಎಲ್ಲವೂ ಸೇರಿದ ಅಗ್ಗದ ಪ್ರವಾಸಗಳಿಂದಾಗಿ ಬ್ರಿಟನ್ನಿನ ಕಾರ್ಮಿಕ ವರ್ಗದವರೂ ಮೊದಲ ಬಾರಿಗೆ ಮೆಡಿಟರೇನಿಯನ್ ಸಮುದ್ರವನ್ನು ಕಂಡರು. 1967ರಲ್ಲಿ ಅಲಿಕಾಂತೆಯ ಹೊಸ ವಿಮಾನ ನಿಲ್ದಾಣ ಆರಂಭವಾಯಿತು.

ಅಲ್ಲಿಯೇ ಮನೆ ಕೊಳ್ಳಲು ಮಾತ್ರ ಅಡ್ಡಿಯಿತ್ತು. ದೇಶದಿಂದ ಹೊರಗೆ ಹಣ ಒಯ್ಯುವುದರ ಮೇಲೆ ಬ್ರಿಟನ್ ನಿರ್ಬಂಧ ಹೇರಿತ್ತು. 1966ರಿಂದ 1970ರವರೆಗೆ ಪ್ರವಾಸಿಯೊಬ್ಬರು ಒಯ್ಯಬಹುದಾದ ವಿದೇಶಿ ಹಣದ ಮಿತಿ 50 ಪೌಂಡ್ ಆಗಿತ್ತು. 1979ರಲ್ಲಿ ಈ ವಿನಿಮಯ ನಿಯಂತ್ರಣಗಳು ರದ್ದಾದ ನಂತರ ಮನೆ ಖರೀದಿ ಸುಲಭವಾಯಿತು. 1978ರಲ್ಲಿ ಎರಡು ದೇಶಗಳ ನಡುವಣ ಅಪರಾಧಿಗಳ ಹಸ್ತಾಂತರ ಒಪ್ಪಂದ ಮುಗಿದು, ಹೊಸ ಒಪ್ಪಂದ ಆದದ್ದು 1985ರಲ್ಲಿ. ನಡುವಿನ ವರ್ಷಗಳಲ್ಲಿ ತಲೆಮರೆಸಿಕೊಂಡ ಕೆಲವು ಬ್ರಿಟಿಷ್ ಅಪರಾಧಿಗಳು ಕೋಸ್ಟಾ ಡೆಲ್ ಸೋಲ್‌ನಲ್ಲಿ ನೆಲೆಸಿದ್ದರಿಂದ ಆ ಕರಾವಳಿಗೆ ಪತ್ರಿಕೆಗಳಲ್ಲಿ ಕೆಟ್ಟ ಹೆಸರು ಬಂದಿತು.

ಯುರೋಪಿಯನ್ ಒಕ್ಕೂಟದ ಕಾಲ

1986ರ ಜನವರಿ 1ರಂದು ಸ್ಪೇನ್ ಯುರೋಪಿಯನ್ ಆರ್ಥಿಕ ಸಮುದಾಯವನ್ನು ಸೇರಿತು. 1993ರಲ್ಲಿ ಜಾರಿಗೆ ಬಂದ ಮಾಸ್ಟ್ರಿಕ್ಟ್ ಒಪ್ಪಂದವು ಸದಸ್ಯ ದೇಶಗಳ ಪ್ರಜೆಗಳಿಗೆ ಇನ್ನೊಂದು ಸದಸ್ಯ ದೇಶದಲ್ಲಿ ನೆಲೆಸುವ ಮತ್ತು ಅಲ್ಲಿನ ಪುರಸಭಾ ಚುನಾವಣೆಯಲ್ಲಿ ಮತ ಚಲಾಯಿಸುವ ಹಕ್ಕನ್ನು ನೀಡಿತು. 1990ರ ದಶಕದ ಕೊನೆಯಲ್ಲಿ ಅಗ್ಗದ ವಿಮಾನಯಾನ ಬೆಳೆದು, ಎರಡೂವರೆ ಗಂಟೆಯ ಪ್ರಯಾಣದಲ್ಲಿ ಮಕ್ಕಳು, ಮೊಮ್ಮಕ್ಕಳನ್ನು ನೋಡಿಬರುವುದು ಸಾಧ್ಯವಾಯಿತು. ಬ್ರಿಟನ್‌ನಲ್ಲಿ ಮನೆಗಳ ಬೆಲೆ ಏರಿದ್ದರಿಂದ ಅಲ್ಲಿನ ಸಣ್ಣ ಮನೆಯನ್ನು ಮಾರಿ ಸ್ಪೇನ್‌ನಲ್ಲಿ ತೋಟ, ಈಜುಕೊಳ ಇರುವ ಮನೆಯನ್ನು ಕೊಂಡು ಮಿಕ್ಕ ಹಣವನ್ನು ಬ್ಯಾಂಕಿನಲ್ಲಿಡಲು ಅನೇಕರಿಗೆ ಸಾಧ್ಯವಾಗಿತ್ತು. 2008ರ ಆರ್ಥಿಕ ಬಿಕ್ಕಟ್ಟಿನವರೆಗೆ ಈ ಬೆಳವಣಿಗೆ ಮುಂದುವರಿಯಿತು.

ದೈನಂದಿನ ಜೀವನ

ವಾಸಸ್ಥಾನ

ಬಹುಪಾಲು ಬ್ರಿಟಿಷರು ಹಳೆಯ ಊರಿನಿಂದ ಹೊರಗೆ ಕಟ್ಟಲಾದ 'ಉರ್ಬನಿಸಸಿಯೋನ್' ಎಂಬ ಬಡಾವಣೆಗಳಲ್ಲಿ ವಾಸಿಸುತ್ತಾರೆ. ಈಜುಕೊಳ, ಉದ್ಯಾನ ಮತ್ತು ಒಳರಸ್ತೆಗಳನ್ನು ಮನೆ ಮಾಲೀಕರ ಸಂಘ ನೋಡಿಕೊಳ್ಳುತ್ತದೆ. ಇಂತಹ ಸಂಘಗಳಿಗೆ 1960ರ ಕಾಯ್ದೆಯೊಂದು ಆಧಾರವಾಗಿದ್ದು, ಪ್ರತಿ ಮಾಲೀಕರೂ ನಿರ್ವಹಣಾ ಶುಲ್ಕ ಕೊಡುವುದು ಕಡ್ಡಾಯ. ಇಂತಹ ಬಡಾವಣೆಗಳು ಸಾಮಾನ್ಯವಾಗಿ ಕಾರಿನ ಬಳಕೆಯನ್ನು ಆಧರಿಸಿ ರೂಪುಗೊಂಡಿವೆ. ವಾಹನ ಓಡಿಸಲು ಆಗದಿದ್ದಾಗ ಅಂಗಡಿ, ಔಷಧಾಲಯ ಮತ್ತು ಆಸ್ಪತ್ರೆ ತಲುಪುವುದು ಕಷ್ಟವಾಗುತ್ತದೆ.

ಭಾಷೆ ಮತ್ತು ಸಾಮಾಜಿಕ ಸಂಬಂಧ

ಕರಾವಳಿಯ ಊರುಗಳಲ್ಲಿ ಇಂಗ್ಲಿಷ್ ಪತ್ರಿಕೆಗಳು, ರೇಡಿಯೊ ಕೇಂದ್ರಗಳು, ದಂತವೈದ್ಯರು, ವಕೀಲರು, ಆಂಗ್ಲಿಕನ್ ಪ್ರಾರ್ಥನಾ ಸಭೆಗಳು ಹಾಗೂ ಬ್ರಿಟಿಷ್ ಪಠ್ಯಕ್ರಮದ ಖಾಸಗಿ ಶಾಲೆಗಳಿವೆ. ಮಾಲಗದ 'ಸುರ್ ಇನ್ ಇಂಗ್ಲಿಷ್' ಪತ್ರಿಕೆ 1984ರಿಂದ ಪ್ರಕಟವಾಗುತ್ತಿದೆ. ಇಂಗ್ಲಿಷ್ ಒಂದರಿಂದಲೇ ದಿನ ಕಳೆಯಬಹುದಾದ್ದರಿಂದ ಹಲವು ವರ್ಷ ವಾಸಿಸಿದವರಲ್ಲಿಯೂ ಸ್ಪ್ಯಾನಿಷ್ ಚೆನ್ನಾಗಿ ಬಲ್ಲವರು ಕಡಿಮೆ. ಶಾಲೆಗೆ ಹೋಗುವ ಮಕ್ಕಳು ಬೇಗನೆ ಕಲಿತು ಮನೆಯವರಿಗೆ ದುಭಾಷಿಗಳಾಗುವುದೂ ಉಂಟು. ಅಲಿಕಾಂತೆ ಪ್ರಾಂತ್ಯದ ಸರ್ಕಾರಿ ಶಾಲೆಗಳಲ್ಲಿ ಸ್ಪ್ಯಾನಿಷ್ ಜೊತೆಗೆ ವೇಲೆನ್ಸಿಯನ್ ಭಾಷೆಯನ್ನೂ ಕಲಿಸಲಾಗುತ್ತದೆ.

ಸರ್ಕಾರಿ ಕಾಗದಪತ್ರಗಳಿಗಾಗಿ 'ಹೆಸ್ತೋರ್' ಎಂಬ ವೃತ್ತಿಪರರ ನೆರವು ಪಡೆಯುವುದು ವಾಡಿಕೆ. ತೆರಿಗೆ, ವಾಹನ ನೋಂದಣಿ, ವಾಸ್ತವ್ಯದ ಅರ್ಜಿ ಮೊದಲಾದವನ್ನು ಶುಲ್ಕ ಪಡೆದು ಮಾಡಿಕೊಡುವ ಇವರು ಸ್ಪೇನಿಗರಿಗೂ ಸಹಾಯ ಮಾಡುತ್ತಾರೆ. ವಿದೇಶಿಯರ ಗುರುತಿನ ಸಂಖ್ಯೆಯಾದ 'ನಿಯೆ' ಇಲ್ಲದೆ ಮನೆ ಖರೀದಿಯಂತಹ ವ್ಯವಹಾರಗಳನ್ನು ನಡೆಸಲಾಗುವುದಿಲ್ಲ.

ಸ್ಪೇನಿಗರು ಉತ್ತರ ಯುರೋಪಿನ ವಿದೇಶಿಯರನ್ನು ಆಡುಮಾತಿನಲ್ಲಿ 'ಗಿರಿ' ಎನ್ನುತ್ತಾರೆ. ಬ್ರಿಟಿಷರು ತಮ್ಮನ್ನು 'ಎಕ್ಸ್‌ಪ್ಯಾಟ್' ಎಂದು ಕರೆದುಕೊಳ್ಳುತ್ತಾರೆಯೇ ಹೊರತು 'ವಲಸಿಗರು' ಎಂದು ಕರೆದುಕೊಳ್ಳುವುದು ಕಡಿಮೆ. ಈ ಪದಭೇದವು ಸಂಪನ್ನ ದೇಶದ ವಲಸಿಗರಿಗೆ ಸಿಗುವ ವಿಶೇಷ ಸ್ಥಾನವನ್ನು ಸೂಚಿಸುತ್ತದೆ ಎಂಬ ಟೀಕೆಯಿದೆ.

ಆದಾಯ ಮತ್ತು ವಿನಿಮಯ ದರ

ನಿವೃತ್ತರ ಆದಾಯ ಪೌಂಡ್‌ನಲ್ಲಿ, ಖರ್ಚು ಯೂರೊದಲ್ಲಿ. ಆದ್ದರಿಂದ ವಿನಿಮಯ ದರದ ಏರಿಳಿತ ಅವರ ಮನೆಯ ಲೆಕ್ಕವನ್ನೇ ಬದಲಿಸುತ್ತದೆ. 2007ರ ಆರಂಭದಲ್ಲಿ ಒಂದು ಪೌಂಡ್‌ಗೆ ಸುಮಾರು 1.50 ಯೂರೊ ದೊರೆಯುತ್ತಿತ್ತು. 2008ರ ಡಿಸೆಂಬರ್ ಕೊನೆಯಲ್ಲಿ ಅದು ಸುಮಾರು 1.02ಕ್ಕೆ ಇಳಿಯಿತು. ತಿಂಗಳಿಗೆ 600 ಪೌಂಡ್ ಪಿಂಚಣಿ ಪಡೆಯುವವರಿಗೆ 900 ಯೂರೊ ಬರುತ್ತಿದ್ದ ಕಡೆ ಸುಮಾರು 612 ಯೂರೊ ಬರತೊಡಗಿತು. 2016ರ ಜನಮತಗಣನೆಯ ನಂತರವೂ ಪೌಂಡ್ ಕುಸಿಯಿತು.

ಸ್ಪೇನ್‌ನಲ್ಲಿರುವ ಬ್ರಿಟಿಷ್ ಪಿಂಚಣಿದಾರರಿಗೆ ಸರ್ಕಾರಿ ಪಿಂಚಣಿಯ ವಾರ್ಷಿಕ ಹೆಚ್ಚಳ ಸಿಗುತ್ತದೆ. ಆಸ್ಟ್ರೇಲಿಯಾ, ಕೆನಡಾ ಮತ್ತು ಭಾರತದಲ್ಲಿ ನೆಲೆಸಿದವರಿಗೆ ಈ ಹೆಚ್ಚಳ ಇಲ್ಲ. ಅಲ್ಲಿ ಪಿಂಚಣಿ ಹಳೆಯ ಮೊತ್ತದಲ್ಲಿಯೇ ನಿಲ್ಲುತ್ತದೆ. ಚಳಿಗಾಲದ ಇಂಧನ ವೆಚ್ಚಕ್ಕಾಗಿ ಬ್ರಿಟನ್ ನೀಡುತ್ತಿದ್ದ ಭತ್ಯೆಯನ್ನು ಹವಾಮಾನದ ಕಾರಣ ನೀಡಿ 2015ರಿಂದ ಸ್ಪೇನ್ ನಿವಾಸಿಗಳಿಗೆ ನಿಲ್ಲಿಸಲಾಯಿತು.

ಆರೋಗ್ಯ ಸೇವೆ

ಬ್ರಿಟಿಷ್ ಸರ್ಕಾರಿ ಪಿಂಚಣಿ ಪಡೆಯುವವರು 'ಎಸ್1' ಎಂಬ ನಮೂನೆಯನ್ನು ಸ್ಪೇನ್‌ನ ಸಾಮಾಜಿಕ ಭದ್ರತಾ ಕಚೇರಿಗೆ ಸಲ್ಲಿಸಿದರೆ ಅಲ್ಲಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಸ್ಪೇನಿಗರಂತೆಯೇ ಚಿಕಿತ್ಸೆ ಪಡೆಯಬಹುದು. ವೆಚ್ಚವನ್ನು ಬ್ರಿಟನ್ ಭರಿಸುತ್ತದೆ. ಉದ್ಯೋಗಿಗಳಿಗೆ ಮತ್ತು ಸ್ವಂತ ವ್ಯಾಪಾರ ಮಾಡುವವರಿಗೆ ಅವರು ಕಟ್ಟುವ ಸಾಮಾಜಿಕ ಭದ್ರತಾ ವಂತಿಗೆಯ ಮೂಲಕ ಈ ಸೌಲಭ್ಯ ದೊರೆಯುತ್ತದೆ. ಪಿಂಚಣಿಯ ವಯಸ್ಸಿಗೆ ಮುನ್ನವೇ ನಿವೃತ್ತರಾಗಿ ಬಂದವರು ಖಾಸಗಿ ವಿಮೆ ಮಾಡಿಸಬೇಕು ಅಥವಾ ಒಂದು ವರ್ಷ ವಾಸವಾದ ನಂತರ ಮಾಸಿಕ ಶುಲ್ಕ ಕಟ್ಟಿ ಸಾರ್ವಜನಿಕ ವ್ಯವಸ್ಥೆಗೆ ಸೇರಬೇಕು. ಕರಾವಳಿಯ ಕೆಲವು ಆಸ್ಪತ್ರೆಗಳಲ್ಲಿ ಸ್ವಯಂಸೇವಕ ದುಭಾಷಿಗಳು ಕೆಲಸ ಮಾಡುತ್ತಾರೆ.

ಮನೆ ಖರೀದಿಯ ವಿವಾದಗಳು

ವೇಲೆನ್ಸಿಯಾ ಪ್ರದೇಶದ 1994ರ ನಗರಾಭಿವೃದ್ಧಿ ಕಾಯ್ದೆಯು ಖಾಸಗಿ ಅಭಿವೃದ್ಧಿದಾರರೊಬ್ಬರು ಇತರರ ಜಮೀನನ್ನೂ ತಮ್ಮ ಯೋಜನೆಗೆ ಸೇರಿಸಿಕೊಳ್ಳಲು ಅವಕಾಶ ನೀಡಿತ್ತು. ರಸ್ತೆ, ಚರಂಡಿಗಳಿಗಾಗಿ ಜಮೀನಿನ ಒಂದು ಭಾಗವನ್ನು ಬಿಟ್ಟುಕೊಟ್ಟು, ಜೊತೆಗೆ ವೆಚ್ಚವನ್ನೂ ಭರಿಸಬೇಕಾಗಿ ಬಂದ ಮನೆ ಮಾಲೀಕರು ಯುರೋಪಿಯನ್ ಸಂಸತ್ತಿಗೆ ಮನವಿ ಸಲ್ಲಿಸಿದರು. ಮನವಿ ಸಲ್ಲಿಸಿದವರಲ್ಲಿ ಬ್ರಿಟಿಷರೊಂದಿಗೆ ಸ್ಪೇನಿಗರೂ ಇದ್ದರು. ಸ್ಪೇನ್‌ನ ನಗರೀಕರಣ ಪದ್ಧತಿಯನ್ನು ಟೀಕಿಸಿ ಡೆನ್ಮಾರ್ಕ್‌ನ ಸದಸ್ಯೆ ಮಾರ್ಗ್ರೆಟೆ ಔಕೆನ್ ಅವರು ಸಿದ್ಧಪಡಿಸಿದ ವರದಿಯನ್ನು ಆ ಸಂಸತ್ತು 2009ರ ಮಾರ್ಚ್‌ನಲ್ಲಿ ಅಂಗೀಕರಿಸಿತು.

ಆಂಡಲೂಸಿಯಾದಲ್ಲಿ ಸಮಸ್ಯೆ ಬೇರೆಯಾಗಿತ್ತು. ಕೃಷಿಭೂಮಿಯಲ್ಲಿ ಪುರಸಭೆಯ ಪರವಾನಗಿಯೊಂದಿಗೆ ಕಟ್ಟಿದ ಅನೇಕ ಮನೆಗಳ ಪರವಾನಗಿಗಳನ್ನು ಪ್ರಾದೇಶಿಕ ಸರ್ಕಾರ ಪ್ರಶ್ನಿಸಿತು. 2008ರ ಜನವರಿಯಲ್ಲಿ ಅಲ್ಮೆರಿಯಾ ಪ್ರಾಂತ್ಯದ ವೆರಾದಲ್ಲಿ ನಿವೃತ್ತ ಬ್ರಿಟಿಷ್ ದಂಪತಿಯ ಮನೆಯನ್ನು ನೆಲಸಮಗೊಳಿಸಿದ ಘಟನೆ ಎರಡೂ ದೇಶಗಳಲ್ಲಿ ಸುದ್ದಿಯಾಯಿತು. ಪರವಾನಗಿಯನ್ನು ನಂಬಿ ಕೊಂಡವರು ಮನೆಯನ್ನೂ ಉಳಿತಾಯವನ್ನೂ ಒಟ್ಟಿಗೆ ಕಳೆದುಕೊಳ್ಳುವ ಸ್ಥಿತಿ ಉಂಟಾದಾಗ ನಿವಾಸಿಗಳು ಸಂಘಟನೆ ಕಟ್ಟಿ ಹೋರಾಡಿದರು. 2015ರಲ್ಲಿ ಸ್ಪೇನ್‌ನ ದಂಡ ಸಂಹಿತೆಗೆ ತಿದ್ದುಪಡಿಯಾಗಿ, ಸದುದ್ದೇಶದಿಂದ ಕೊಂಡ ಮೂರನೆಯ ವ್ಯಕ್ತಿಗೆ ಪರಿಹಾರದ ಖಾತರಿಯಾದ ಬಳಿಕವೇ ಮನೆ ಕೆಡವುವಂತೆ ನ್ಯಾಯಾಲಯಗಳು ಷರತ್ತು ವಿಧಿಸಲು ಅವಕಾಶವಾಯಿತು. 2019ರಲ್ಲಿ ಆಂಡಲೂಸಿಯಾ ಸರ್ಕಾರ ಹೊರಡಿಸಿದ ಶಾಸನವು ಇಂತಹ ಹಲವು ಮನೆಗಳಿಗೆ ನೀರು, ವಿದ್ಯುತ್ ಸಂಪರ್ಕ ಪಡೆಯುವ ದಾರಿ ಮಾಡಿಕೊಟ್ಟಿತು.

ಬ್ರೆಕ್ಸಿಟ್‌ನ ಪರಿಣಾಮ

2016ರ ಜೂನ್ 23ರಂದು ನಡೆದ ಜನಮತಗಣನೆಯಲ್ಲಿ ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬರಲು ತೀರ್ಮಾನಿಸಿತು. ಬ್ರಿಟನ್ ಬಿಟ್ಟು 15 ವರ್ಷ ಮೀರಿದವರಿಗೆ ಆಗ ಮತದಾನದ ಹಕ್ಕು ಇರಲಿಲ್ಲ. ಹೀಗಾಗಿ ಫಲಿತಾಂಶದಿಂದ ನೇರವಾಗಿ ಬಾಧಿತರಾಗುವ ಅನೇಕರು ಅದರಲ್ಲಿ ಭಾಗವಹಿಸಲಾಗಲಿಲ್ಲ. ಈ ಮಿತಿಯನ್ನು 2022ರ ಚುನಾವಣಾ ಕಾಯ್ದೆ ರದ್ದುಗೊಳಿಸಿ, 2024ರ ಜನವರಿಯಲ್ಲಿ ಹೊಸ ನಿಯಮ ಜಾರಿಗೆ ಬಂದಿತು.

2020ರ ಡಿಸೆಂಬರ್ 31ಕ್ಕೆ ಮುನ್ನ ಸ್ಪೇನ್‌ನಲ್ಲಿ ಕಾನೂನುಬದ್ಧವಾಗಿ ವಾಸಿಸುತ್ತಿದ್ದವರ ವಾಸ, ಉದ್ಯೋಗ, ಪಿಂಚಣಿ ಮತ್ತು ಆರೋಗ್ಯ ಹಕ್ಕುಗಳನ್ನು ನಿರ್ಗಮನ ಒಪ್ಪಂದ ರಕ್ಷಿಸಿತು. ಇವರಿಗೆ 2020ರ ಜುಲೈಯಿಂದ 'ತಿಯೆ' ಎಂಬ ಹೊಸ ಗುರುತಿನ ಚೀಟಿ ನೀಡಲಾಗುತ್ತಿದೆ. ಐದು ವರ್ಷ ವಾಸವಾದ ಮೇಲೆ ಶಾಶ್ವತ ವಾಸ್ತವ್ಯದ ಹಕ್ಕು ದೊರೆಯುತ್ತದೆ. ನಿರಂತರವಾಗಿ ಐದು ವರ್ಷಕ್ಕಿಂತ ಹೆಚ್ಚು ಕಾಲ ದೇಶದ ಹೊರಗಿದ್ದರೆ ಅದು ನಷ್ಟವಾಗುತ್ತದೆ. ಆದರೆ ಇತರ ಸದಸ್ಯ ದೇಶಗಳಿಗೆ ಹೋಗಿ ನೆಲೆಸುವ ಸ್ವಾತಂತ್ರ್ಯ ಇವರಿಗೂ ಉಳಿದಿಲ್ಲ.

ಹೊಸದಾಗಿ ಬರುವವರು ಯುರೋಪಿನ ಹೊರಗಿನ ದೇಶಗಳ ಪ್ರಜೆಗಳಂತೆ ವೀಸಾ ಪಡೆಯಬೇಕು. ನಿವೃತ್ತರು ಹೆಚ್ಚಾಗಿ ಬಳಸುವ ವೀಸಾದಲ್ಲಿ ಉದ್ಯೋಗ ಮಾಡುವಂತಿಲ್ಲ; ಅರ್ಜಿದಾರರು ಸ್ಪೇನ್‌ನ ಅಧಿಕೃತ ಆದಾಯ ಸೂಚಿಯ ನಾಲ್ಕು ಪಟ್ಟು, ಅಂದರೆ 2023ರ ಲೆಕ್ಕದಂತೆ ತಿಂಗಳಿಗೆ 2,400 ಯೂರೊ ಆದಾಯವನ್ನು ತೋರಿಸಬೇಕು. ಬರಿಯ ಸರ್ಕಾರಿ ಪಿಂಚಣಿಯನ್ನು ನಂಬಿದವರಿಗೆ ಇದು ಸಾಧ್ಯವಾಗುವುದಿಲ್ಲ. ಕಾರ್ಮಿಕ ವರ್ಗದ ನಿವೃತ್ತರಿಗೂ ತೆರೆದಿದ್ದ ದಾರಿ ಇದರಿಂದ ಬಹುಮಟ್ಟಿಗೆ ಮುಚ್ಚಿದೆ. ದೂರದಿಂದ ಕೆಲಸ ಮಾಡುವವರಿಗಾಗಿ 2022ರ ಡಿಸೆಂಬರ್‌ನ ಕಾಯ್ದೆಯೊಂದು ಹೊಸ ವೀಸಾವನ್ನು ತಂದಿತು. 5 ಲಕ್ಷ ಯೂರೊ ಬೆಲೆಯ ಆಸ್ತಿ ಕೊಂಡವರಿಗೆ 2013ರಿಂದ ನೀಡಲಾಗುತ್ತಿದ್ದ 'ಚಿನ್ನದ ವೀಸಾ' 2025ರ ಏಪ್ರಿಲ್ 3ರಂದು ಕೊನೆಗೊಂಡಿತು. ವೀಸಾ ಇಲ್ಲದೆ ಬರುವವರು ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಮಾತ್ರ ಷೆಂಗೆನ್ ಪ್ರದೇಶದಲ್ಲಿ ಇರಬಹುದು. ಚಳಿಗಾಲವಿಡೀ ತಮ್ಮ ಸ್ವಂತ ಮನೆಯಲ್ಲಿ ಕಳೆಯುತ್ತಿದ್ದವರಿಗೆ ಇದು ದೊಡ್ಡ ಬದಲಾವಣೆ.

ಪುರಸಭಾ ಮತದಾನದ ಹಕ್ಕನ್ನು ಉಳಿಸಿಕೊಳ್ಳಲು ಎರಡು ದೇಶಗಳು 2019ರ ಜನವರಿಯಲ್ಲಿ ಪ್ರತ್ಯೇಕ ಒಪ್ಪಂದಕ್ಕೆ ಸಹಿ ಹಾಕಿದವು. ಬ್ರಿಟಿಷ್ ಚಾಲನಾ ಪರವಾನಗಿಯ ಮಾನ್ಯತೆಯ ಪ್ರಶ್ನೆ 2023ರ ಮಾರ್ಚ್‌ನಲ್ಲಿ ಬಗೆಹರಿಯಿತು. ಸ್ಪೇನ್‌ನ ಪೌರತ್ವ ಬೇಕೆಂದರೆ ಬ್ರಿಟಿಷರು ಸಾಮಾನ್ಯವಾಗಿ ಹತ್ತು ವರ್ಷ ವಾಸಿಸಿ, ಭಾಷೆ ಮತ್ತು ಸಂವಿಧಾನದ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು.

ತೆರಿಗೆ ಮತ್ತು ಉತ್ತರಾಧಿಕಾರ

ವರ್ಷದಲ್ಲಿ 183 ದಿನಗಳಿಗಿಂತ ಹೆಚ್ಚು ಕಾಲ ಸ್ಪೇನ್‌ನಲ್ಲಿರುವವರು ಅಲ್ಲಿನ ತೆರಿಗೆ ನಿವಾಸಿಗಳಾಗುತ್ತಾರೆ. ವಿದೇಶದಲ್ಲಿ 50,000 ಯೂರೊ ಮೀರಿದ ಆಸ್ತಿ ಇರುವವರು ಅದನ್ನು ಘೋಷಿಸಬೇಕೆಂಬ ನಿಯಮ 2013ರಲ್ಲಿ ಜಾರಿಗೆ ಬಂದಿತು. ಇದರ ಭಾರಿ ದಂಡಗಳು ಮಿತಿಮೀರಿದವು ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2022ರ ಜನವರಿಯಲ್ಲಿ ತೀರ್ಪು ನೀಡಿತು.

ಸ್ಪೇನ್‌ನ ನಾಗರಿಕ ಸಂಹಿತೆಯ ಪ್ರಕಾರ ಮೃತರ ಆಸ್ತಿಯ ಮೂರನೆಯ ಎರಡು ಭಾಗ ಮಕ್ಕಳಿಗೆ ಅಥವಾ ಅವರ ಸಂತತಿಗೆ ಮೀಸಲು. ಎಲ್ಲವನ್ನೂ ಸಂಗಾತಿಗೆ ಬರೆದಿಡುವುದಕ್ಕೆ ಇದು ಅಡ್ಡಿಯಾಗುತ್ತದೆ. 2015ರ ಆಗಸ್ಟ್ 17ರಿಂದ ಅನ್ವಯವಾದ ಯುರೋಪಿಯನ್ ನಿಯಮದಂತೆ, ತಮ್ಮ ರಾಷ್ಟ್ರೀಯತೆಯ ಕಾನೂನೇ ಅನ್ವಯಿಸಲಿ ಎಂದು ಉಯಿಲಿನಲ್ಲಿ ನಮೂದಿಸಲು ಅವಕಾಶವಿದೆ. ಆದ್ದರಿಂದ ಸ್ಪೇನ್‌ನಲ್ಲಿ ಪ್ರತ್ಯೇಕ ಉಯಿಲು ಬರೆಸುವುದು ರೂಢಿಯಾಗಿದೆ.

ವೃದ್ಧಾಪ್ಯ ಮತ್ತು ಆರೈಕೆ

ಸ್ಪೇನ್‌ನಲ್ಲಿ ವೃದ್ಧರ ಆರೈಕೆ ಬಹುಮಟ್ಟಿಗೆ ಕುಟುಂಬದ ಹೊಣೆ. ಆಸ್ಪತ್ರೆಯಲ್ಲಿ ರೋಗಿಯ ಬಳಿ ಮನೆಯವರು ಇದ್ದು ಊಟ, ಉಪಚಾರ ನೋಡಿಕೊಳ್ಳುವುದು ವಾಡಿಕೆ. ಮನೆಗೆ ಮರಳಿದ ಮೇಲೂ ಅವರೇ ನೋಡಿಕೊಳ್ಳುತ್ತಾರೆ ಎಂಬ ನಿರೀಕ್ಷೆಯಿದೆ. ಮಕ್ಕಳು ಬ್ರಿಟನ್‌ನಲ್ಲಿರುವ ದಂಪತಿಗಳಿಗೆ ಈ ಆಸರೆ ಇರುವುದಿಲ್ಲ. ಅವರು ನೆರೆಹೊರೆಯವರನ್ನು ಮತ್ತು ದತ್ತಿ ಸಂಸ್ಥೆಗಳನ್ನು ಅವಲಂಬಿಸುತ್ತಾರೆ. ಆ ನೆರೆಹೊರೆಯವರೂ ಅನೇಕ ವೇಳೆ ಅದೇ ವಯಸ್ಸಿನವರಾಗಿರುತ್ತಾರೆ.

2006ರ ಅವಲಂಬಿತರ ಆರೈಕೆ ಕಾಯ್ದೆಯಡಿ ಮನೆಗೆ ಸಹಾಯಕರು, ಹಗಲು ಆರೈಕೆ ಕೇಂದ್ರ ಅಥವಾ ವೃದ್ಧಾಶ್ರಮದ ನೆರವು ಪಡೆಯಬಹುದು. ಅದಕ್ಕೆ ಸ್ಪೇನ್‌ನಲ್ಲಿ ಐದು ವರ್ಷ ವಾಸಿಸಿರಬೇಕು. ಅದರಲ್ಲಿ ಎರಡು ವರ್ಷ ಅರ್ಜಿಗೆ ನಿಕಟಪೂರ್ವದಲ್ಲಿ ಇರಬೇಕು. ನೋಂದಣಿ ಮಾಡಿಸದೆ ಬಹುಕಾಲ ಕಳೆದವರು ಈ ಅವಧಿಯನ್ನು ದಾಖಲೆಯಿಂದ ತೋರಿಸಲಾಗದೆ ತೊಂದರೆಗೊಳಗಾಗುತ್ತಾರೆ. ಮರೆವಿನ ಕಾಯಿಲೆ ಬಂದವರು ನಂತರ ಕಲಿತ ಭಾಷೆಯನ್ನು ಮೊದಲು ಮರೆಯುವುದು ಸಾಮಾನ್ಯವಾದ್ದರಿಂದ, ಸ್ಪ್ಯಾನಿಷ್ ಮಾತ್ರ ಬಲ್ಲ ಸಿಬ್ಬಂದಿಯ ನಡುವೆ ಅವರ ಸ್ಥಿತಿ ಇನ್ನಷ್ಟು ಕಠಿಣವಾಗುತ್ತದೆ.

ಸಂಗಾತಿಯ ಮರಣದ ನಂತರ ಬ್ರಿಟನ್‌ಗೆ ಮರಳಲು ಬಯಸುವವರೂ ಇದ್ದಾರೆ. ಆದರೆ ಅಲ್ಲಿನ ಮನೆಯನ್ನು ಮಾರಿ ಬಂದವರಿಗೆ, ಈಗ ಸ್ಪೇನ್‌ನ ಮನೆಯನ್ನು ಮಾರಿದ ಹಣದಿಂದ ಅಲ್ಲಿ ಮತ್ತೊಂದು ಮನೆ ಕೊಳ್ಳುವುದು ಕಷ್ಟ.

ಈ ಅಗತ್ಯಗಳಿಂದ ಹುಟ್ಟಿದ ಸಂಸ್ಥೆಗಳೂ ಇವೆ. 1992ರಲ್ಲಿ ಬ್ರಿಟಿಷ್ ನಿವಾಸಿ ಜೋನ್ ಹಂಟ್ ಅವರು ಮಾಲಗ ಪ್ರಾಂತ್ಯದಲ್ಲಿ ಸ್ಥಾಪಿಸಿದ 'ಕುದೆಕಾ' ಸಂಸ್ಥೆಯು ಕ್ಯಾನ್ಸರ್ ಮತ್ತಿತರ ಗಂಭೀರ ಕಾಯಿಲೆಯ ಕೊನೆಯ ಹಂತದಲ್ಲಿರುವವರಿಗೆ ಉಚಿತ ಉಪಶಾಮಕ ಆರೈಕೆ ನೀಡುತ್ತದೆ. ಬೆನಾಲ್ಮಾದೆನಾದಲ್ಲಿರುವ ಈ ಸಂಸ್ಥೆಯ ನೆರವು ಸ್ಪೇನಿಗರಿಗೂ ವಿದೇಶಿಯರಿಗೂ ಸಮಾನವಾಗಿ ದೊರೆಯುತ್ತದೆ.

ಜೆರಾಲ್ಡ್ ಬ್ರೆನನ್ ಅವರ ಕೊನೆಯ ವರ್ಷಗಳನ್ನು ಈ ಸಂದರ್ಭದಲ್ಲಿ ಉಲ್ಲೇಖಿಸಲಾಗುತ್ತದೆ. 1984ರಲ್ಲಿ ಅವರನ್ನು ಲಂಡನ್ ಸಮೀಪದ ವೃದ್ಧಾಶ್ರಮಕ್ಕೆ ಕರೆದೊಯ್ದಾಗ ಸ್ಪೇನ್‌ನಲ್ಲಿ ಅದು ಸಾರ್ವಜನಿಕ ಚರ್ಚೆಯಾಯಿತು. ಅಲ್ಲಿನ ಅಧಿಕಾರಿಗಳು ಮುಂದೆ ಬಂದು ಅವರನ್ನು ಅದೇ ವರ್ಷ ಆಲೌರಿನ್ ಎಲ್ ಗ್ರಾಂದೆಯ ಮನೆಗೆ ಮರಳಿ ಕರೆತಂದು ಆರೈಕೆಯ ವ್ಯವಸ್ಥೆ ಮಾಡಿದರು. ಅವರ ಅಸ್ಥಿಯನ್ನು 2001ರಲ್ಲಿ ಮಾಲಗದ ಇಂಗ್ಲಿಷ್ ಸ್ಮಶಾನದಲ್ಲಿ ಪತ್ನಿಯ ಸಮಾಧಿಯ ಪಕ್ಕದಲ್ಲಿ ಇರಿಸಲಾಯಿತು. ಹೆಸರಾಂತ ಲೇಖಕರಿಗೆ ದೊರೆತ ಈ ಆಸರೆ ಸಾಮಾನ್ಯ ನಿವಾಸಿಗಳಿಗೆ ಸುಲಭವಾಗಿ ಸಿಗುವಂತಹುದಲ್ಲ.

ಅಧ್ಯಯನಗಳು ಮತ್ತು ಜನಪ್ರಿಯ ಸಂಸ್ಕೃತಿ

ಸಮಾಜಶಾಸ್ತ್ರಜ್ಞೆ ಕ್ಯಾರೆನ್ ಓ'ರೈಲಿ ಅವರು 1990ರ ದಶಕದಲ್ಲಿ ಫುವೆಂಗಿರೋಲಾ ಪರಿಸರದಲ್ಲಿ ವಾಸಿಸಿ ನಡೆಸಿದ ಕ್ಷೇತ್ರಕಾರ್ಯವು 'ದಿ ಬ್ರಿಟಿಷ್ ಆನ್ ದಿ ಕೋಸ್ಟಾ ಡೆಲ್ ಸೋಲ್' (2000) ಎಂಬ ಗ್ರಂಥವಾಗಿ ಪ್ರಕಟವಾಯಿತು. ಕುಡಿತ ಮತ್ತು ಬೇಸರದಲ್ಲಿ ಕಾಲ ಕಳೆಯುವ ಜನರೆಂಬ ಪತ್ರಿಕೆಗಳ ಚಿತ್ರಣಕ್ಕಿಂತ ಭಿನ್ನವಾಗಿ, ಪರಸ್ಪರ ನೆರವಿನ ಗಟ್ಟಿ ಸಂಬಂಧಗಳುಳ್ಳ ಸಮುದಾಯವನ್ನು ಅದು ತೋರಿಸಿತು. ಸ್ಪೇನಿಗರೊಂದಿಗಿನ ಬೆರೆಯುವಿಕೆ ಸೀಮಿತವೆಂಬುದನ್ನೂ ದಾಖಲಿಸಿತು. ರಸೆಲ್ ಕಿಂಗ್, ಟೋನಿ ವಾರ್ನ್ಸ್ ಮತ್ತು ಆಲನ್ ವಿಲಿಯಮ್ಸ್ ಅವರ 'ಸನ್‌ಸೆಟ್ ಲೈವ್ಸ್' (2000) ಕೃತಿಯು ಕೋಸ್ಟಾ ಡೆಲ್ ಸೋಲ್ ಅನ್ನು ಪೋರ್ಚುಗಲ್‌ನ ಅಲ್ಗಾರ್ವೆ, ಇಟಲಿಯ ಟಸ್ಕನಿ ಮತ್ತು ಮಾಲ್ಟಾದ ನಿವೃತ್ತರ ನೆಲೆಗಳೊಂದಿಗೆ ಹೋಲಿಸುತ್ತದೆ.

ಬಿಬಿಸಿ ವಾಹಿನಿಯ 'ಎಲ್‌ಡೊರಾಡೊ' (1992–1993) ಧಾರಾವಾಹಿ ಸ್ಪೇನ್‌ನಲ್ಲಿ ನೆಲೆಸಿದ ಬ್ರಿಟಿಷರ ಕಥೆಯಾಗಿತ್ತು. ಆಂಡಲೂಸಿಯಾದ ಬೆಟ್ಟದ ತೋಟದಲ್ಲಿ ನೆಲೆಸಿದ ಕ್ರಿಸ್ ಸ್ಟೂವರ್ಟ್ ಅವರ 'ಡ್ರೈವಿಂಗ್ ಓವರ್ ಲೆಮನ್ಸ್' (1999) ಜನಪ್ರಿಯ ಆತ್ಮಕಥನವಾಗಿದೆ.